ರಾಜನ ಕೆಲಸಕ್ಕೆ ಹೋಗದ ಗಾಡಿಯವನು

ಕೋವಿಡ್ ಗಲಾಟೆ ಅಡಗಿ ಎರಡನೆಯ ವರ್ಷ. ನಾನಾಗ ದೊಡ್ಡಬಳ್ಳಾಪುರದ ಒಂದು ಟ್ರಸ್ಟಿನಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಇಳಿಯುವುದನ್ನು ಕಲಿಸುವುದು, ಮೈಮೇಲೆ ಹುಣ್ಣಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಬಾಯಿ ಸ್ವಲ್ಪ ಜೋರು. ಮೆತ್ತಗೆ ಹೇಳಿದರೆ ಒಬ್ಬರೂ ಕೈಕಾಲು ಆಡಿಸುವುದಿಲ್ಲ ಎಂಬುದು ನನ್ನ ಅನುಭವ. ನಮ್ಮ ವ್ಯಾನು ಊರೊಳಗೆ ತಿರುಗುತ್ತಿದ್ದಂತೆ "ಬಂದ್ರಪ್ಪಾ ಬಾಯಮ್ಮ" ಎಂದು ಜನ ನಗುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ನಗಲಿ ಬಿಡಿ.

ಈಗ ಹೇಳುವ ಮುನಿರಾಜು ಆಗ ನಮ್ಮ ಪಟ್ಟಿಗೆ ಹೊಸದಾಗಿ ಸೇರಿದವನು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರಕ್ಕೆ ಬರುವ ರಸ್ತೆಯಿಂದ ಒಳಕ್ಕೆ ಅವನ ಊರು. ಹೆಸರುಗಳನ್ನು ಬದಲಾಯಿಸಿದ್ದೇನೆ, ಬರೆಯಲು ಒಪ್ಪಿಗೆ ಕೊಟ್ಟವನು ಅವನ ತಮ್ಮ ಹರೀಶ.

ಮುನಿರಾಜು ಟೆಂಪೊ ಡ್ರೈವರ್. ತರಕಾರಿ, ಗುಲಾಬಿ, ಕೋಳಿ ಆಹಾರ, ಏನು ಸಿಕ್ಕರೂ ಹೇರಿಕೊಂಡು ಸುತ್ತಲ ನಾಲ್ಕು ತಾಲ್ಲೂಕನ್ನೂ ಸುತ್ತಿದವನು. ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿ ಓದಿಸಿದವನೂ ಅವನೇ. ಮದುವೆ ಮುಂದೆ ಹಾಕುತ್ತಲೇ ಬಂದಿದ್ದ. ಒಂದು ದಿನ ಎಲೆಕೋಸಿನ ಲೋಡಿನ ಮೇಲೆ ಹತ್ತಿ ಟಾರ್ಪಾಲಿಗೆ ಹಗ್ಗ ಬಿಗಿಯುವಾಗ ಹಗ್ಗ ಕಿತ್ತು ಹಿಂದಕ್ಕೆ ಬಿದ್ದ. ಬೆನ್ನುಮೂಳೆ ಮುರಿಯಿತು. ಕಾಲುಗಳು ಹೋದವು, ಕೈಗಳು ಉಳಿದವು. ಇದನ್ನು ನಮ್ಮ ಭಾಷೆಯಲ್ಲಿ ಪ್ಯಾರಾಪ್ಲೀಜಿಯ ಎನ್ನುತ್ತೇವೆ.

ಮೊದಲ ಸಲ ಹೋದಾಗ ಅವನು ಟಿವಿ ಮುಂದೆ ಗಾಲಿಕುರ್ಚಿಯಲ್ಲಿ ಕುಳಿತಿದ್ದ. ಕೈಯಲ್ಲಿ ಗೇಮ್ ಆಡುವ ಕಂಟ್ರೋಲರ್. ನಾನು ನಮಸ್ಕಾರ ಹೇಳಿದರೂ ತಿರುಗಲಿಲ್ಲ. ಅವನ ತಾಯಿ ಗೌರಮ್ಮ ಬಾಗಿಲಲ್ಲೇ ದೂರು ಶುರುಮಾಡಿದರು.

"ಬೆಳಗ್ಗೆ ಕೂತ್ರೆ ಸಂಜೆಗಂಟ ಅಲ್ಲಾಡಲ್ಲ ಕಣವ್ವ. ಊಟದ ಗ್ಯಾನಾನೇ ಇಲ್ಲ. ಚಿಕ್ಕೋನು ಮೊದಲ್ನೇ ಸಂಬಳದಾಗೆ ತಂದ್ಕೊಟ್ಟ. ಎಲ್ರೂ ಒಂದ್ ತಿಂಗ್ಳಿಗೆ ಮುಗುಸ್ತಾರಂತೆ ಆ ಆಟಾನ. ಇವ್ನು ವರ್ಸಾಯ್ತು, ಇದ್ದಲ್ಲೇ ಅವ್ನೆ."

ಅವನನ್ನು ಹಾಸಿಗೆಗೆ ಮಲಗಿಸಿ ನೋಡಿದೆ. ನನ್ನ ಮೈಯೆಲ್ಲ ಉರಿದುಹೋಯಿತು. ಕೂರುವ ಮೂಳೆಯ ಎರಡೂ ಕಡೆ ಹುಣ್ಣು. ಬಲಗಡೆಯದು ಮೇಲುಮೇಲಿನದು, ಎಡಗಡೆಯದು ಆಳಕ್ಕೆ ಇಳಿದಿತ್ತು. ಇದಕ್ಕೆ ಪ್ರೆಶರ್ ಸೋರ್ ಎನ್ನುತ್ತಾರೆ. ನಾವು ನೀವು ಕುಳಿತಾಗ ನೋವಾದರೆ ಅರಿವಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ಸ್ಪರ್ಶಜ್ಞಾನವೇ ಇಲ್ಲದವರಿಗೆ ಆ ಎಚ್ಚರ ಬರುವುದಿಲ್ಲ. ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಮಾಂಸ ಒಳಗಿನಿಂದ ಸಾಯುತ್ತದೆ. ಬೆನ್ನುಹುರಿ ರೋಗಿಗಳಲ್ಲಿ ಮುರಿದ ಮೂಳೆಗಿಂತ ಈ ಹುಣ್ಣೇ ಹೆಚ್ಚು ಜನರ ಜೀವ ತೆಗೆಯುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಮದ್ದು ಬಲು ಸರಳ: ಸ್ವಲ್ಪ ಹೊತ್ತಿಗೊಮ್ಮೆ ಎರಡೂ ಕೈಗಳನ್ನು ಕುರ್ಚಿಗೆ ಊರಿ ಕುಂಡಿಯನ್ನು ಎತ್ತಿ ಹಿಡಿಯಬೇಕು, ಅಷ್ಟೇ. ಅಷ್ಟನ್ನು ಮರೆಯದೆ ಮಾಡುವವರು ಸಿಗುವುದೇ ಕಷ್ಟ.

ಬಾಯಿಗೆ ಬಂದಂತೆ ಬೈದೆ. "ಹುಣ್ಣು ಮೂಳೆಗೆ ಇಳಿದ್ರೆ ಜೀವ ಹೋಗುತ್ತೆ. ಮುಂದಿನ ಸಲ ಇದೇ ಥರ ಇದ್ರೆ ಆ ಟಿವಿ ವೈರ್ ಕಿತ್ತು ವ್ಯಾನಿಗೆ ಹಾಕ್ಕೊಂಡು ಹೋಗ್ತೀನಿ" ಎಂದೆ. ಮುನಿರಾಜು ತಲೆಯಾಡಿಸಿದ. ಆ ತಲೆಯಾಟದ ಅರ್ಥ ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು: ನೀವು ಹೊರಡಿ ಮೊದಲು.

ಮುಂದಿನ ವಾರ ಹೋದರೆ ಅದೇ ಕುರ್ಚಿ, ಅದೇ ಟಿವಿ. ಸೀದಾ ಹೋಗಿ ವೈರಿಗೆ ಕೈಹಾಕಿದೆ. ಮುನಿರಾಜು ಹೌಹಾರಿಬಿಟ್ಟ.

"ಮೇಡಂ, ಮೇಡಂ, ಐದ್ ನಿಮಿಷ. ಗಾಡಿ ಊರು ಮುಟ್ಬಿಡ್ಲಿ. ದಾರಿ ಮಧ್ಯ ನಿಲ್ಲಿಸ್ಬೇಡಿ, ಕೈಮುಗೀತೀನಿ."

ಯಾವ ಗಾಡಿ, ಯಾವ ಊರು? ಏನಿದು ನೋಡೇಬಿಡೋಣ ಎಂದು ಪಕ್ಕದ ಸ್ಟೂಲಿನಲ್ಲಿ ಕುಳಿತೆ. ನನಗೆ ಗೇಮುಗಳ ಗಂಧಗಾಳಿ ಇರಲಿಲ್ಲ. ಅವನೇ ವಿವರಿಸಿದ. ಇಂಥ ಆಟಕ್ಕೆ ಓಪನ್ ವರ್ಲ್ಡ್ ಎನ್ನುತ್ತಾರಂತೆ. ಕಾಡು, ಗುಡ್ಡ, ಹೊಳೆ, ಹಳ್ಳಿ, ಕೋಟೆ ಎಲ್ಲ ಇರುವ ಒಂದು ಸೀಮೆಯನ್ನೇ ಒಳಗೆ ಇಟ್ಟಿರುತ್ತಾರೆ. ಆಡುವವನು ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೂ ಒಂದು ಮುಖ್ಯ ಕಥೆ ಇರುತ್ತದೆ. ಅದು ಮೇನ್ ಕ್ವೆಸ್ಟ್. ಈ ಆಟದಲ್ಲಿ ಶುರುವಿನಲ್ಲೇ ರಾಜನ ಕರೆ ಬರುತ್ತದೆ: ಉತ್ತರದ ಬೆಟ್ಟದಿಂದ ರಕ್ಕಸರ ದಂಡು ಇಳಿಯುತ್ತಿದೆ, ರಾಜಧಾನಿಗೆ ಬಾ, ಕತ್ತಿ ಹಿಡಿ, ನಾಡನ್ನು ಕಾಪಾಡು. ಆ ಆಜ್ಞೆ ಟಿವಿಯ ಮೂಲೆಯಲ್ಲಿ ಸದಾ ತೂಗುತ್ತಿತ್ತು. ಮುನಿರಾಜು ಅದರತ್ತ ತಿರುಗಿಯೂ ನೋಡಿರಲಿಲ್ಲ. ಸಿಕ್ಕ ಕತ್ತಿಯನ್ನು ಮಾರಿ ಒಂದು ಕುದುರೆಗಾಡಿ ತೆಗೆದುಕೊಂಡಿದ್ದ. ಹೊಳೆದಂಡೆಯ ಹಳ್ಳಿಯೊಂದರಲ್ಲಿ ಗುಡಿಸಲು ಹಿಡಿದು, ಆ ಊರಿಗೆ ಉಪ್ಪು, ಕಬ್ಬಿಣ, ಹಿಟ್ಟು ಸಾಗಿಸಿಕೊಂಡಿದ್ದ.

"ಅಲ್ಲಯ್ಯಾ, ರಾಜನ ಕೆಲಸ ಬಿಟ್ಟು ಉಪ್ಪು ಸಾಗಿಸ್ತಾ ಕೂತಿದೀಯಾ?"

"ರಾಜನ ಕೆಲ್ಸಕ್ಕೆ ಬೇಕಾದಷ್ಟು ಜನ ಸಿಗ್ತಾರೆ ಮೇಡಂ. ಈ ಊರಿಗೆ ಉಪ್ಪು ತಂದಾಕೋನು ನಾನೊಬ್ನೇ."

ಅಂದು ಅರ್ಧ ಗಂಟೆ ನೋಡುತ್ತಾ ಕುಳಿತೆ. ಅವನಿಗೆ ಅವನದೇ ಕಟ್ಟುಪಾಡುಗಳಿದ್ದವು. ಒಂದು ಗುಂಡಿ ಒತ್ತಿದರೆ ಎಲ್ಲಿಂದೆಲ್ಲಿಗೋ ಹಾರಿಹೋಗುವ ಸೌಕರ್ಯ ಆಟದಲ್ಲಿತ್ತು. ಇವನು ಅದನ್ನು ಮುಟ್ಟುತ್ತಿರಲಿಲ್ಲ. ಕತ್ತಲಾದ ಮೇಲೆ ಗಾಡಿ ಹೂಡುತ್ತಿರಲಿಲ್ಲ. ಗುಡಿಯ ಮುಂದೆ ಹಾದರೆ ಇಳಿದು ನಿಲ್ಲುತ್ತಿದ್ದ. ಆಟದ ಜನ ಇಂಗ್ಲಿಷ್ ಮಾತಾಡುತ್ತಿದ್ದರು. ಇವನು ಅವರಿಗೆಲ್ಲ ನಮ್ಮ ಹೆಸರಿಟ್ಟಿದ್ದ. ಊರಬಾಗಿಲ ಕಾವಲುಗಾರ ರಂಗಪ್ಪ, ರೊಟ್ಟಿ ಮಾರುವ ಮುದುಕಿ ಪುಟ್ಟಮ್ಮ. ಮೊದಮೊದಲು ರಂಗಪ್ಪ "ಯಾರು ನೀನು, ಎಲ್ಲಿಂದ ಬಂದೆ" ಎಂದು ತಡೆಯುತ್ತಿದ್ದನಂತೆ. ಓಡಾಡಿ ಪರಿಚಯವಾದ ಮೇಲೆ ಈಗ ಗಾಡಿ ಕಂಡರೆ ಸಾಕು, ಬಾಗಿಲು ತೆಗೆದು ಕೈಬೀಸುತ್ತಾನೆ. ಹೀಗೆ ಆಟದೊಳಗೆ ಒಬ್ಬ ಮನುಷ್ಯನಾಗಿ ಬದುಕುವುದಕ್ಕೆ ರೋಲ್‌ಪ್ಲೇ ಎನ್ನುತ್ತಾರೆ ಎಂದು ಎಷ್ಟೋ ತಿಂಗಳ ಮೇಲೆ ಹರೀಶ ನನಗೆ ಹೇಳಿದ. ಮುನಿರಾಜುವಿಗೆ ಆ ಪದ ಗೊತ್ತಿರಲಿಲ್ಲ.

ಅಷ್ಟರಲ್ಲಿ ಟಿವಿಯಲ್ಲಿ ಮಳೆ ಶುರುವಾಯಿತು. ಅವನು ಗಾಡಿಯನ್ನು ಒಂದು ಮಂಟಪದೊಳಗೆ ನಿಲ್ಲಿಸಿದ.

"ಉಪ್ಪು ಕರಗಲ್ವಾ ಮೇಡಂ?"

"ಟಿವಿ ಉಪ್ಪು ಕರಗುತ್ತೇನೋ?"

"ಆಟದಾಗೆ ಕರಗಲ್ಲ. ಆದ್ರೆ ಉಪ್ಪು ಅಂದ್ಮೇಲೆ ಕರಗ್ಬೇಕು."

ಆಗ ನನಗೆ ಹೊಳೆಯಿತು. "ಸರಿ ಕಣಪ್ಪಾ, ನಿನ್ನ ಕುದುರೆಗೆ ನೀರು ಕುಡಿಸೋದು ಯಾವಾಗ?" ಎಂದೆ.

ಮುನಿರಾಜು ತಬ್ಬಿಬ್ಬಾದ. "ಆಟದಾಗೆ ಅದಿಲ್ಲ ಮೇಡಂ. ಕುದುರೆಗೆ ದಣಿವಾಗಲ್ಲ."

"ಉಪ್ಪು ಕರಗೋದೂ ಇಲ್ಲ. ಗಾಡಿ ಹೊಡೆಯೋನಂತೆ! ಬೆಳಗಿಂದ ಸಂಜೆವರೆಗೂ ಮೂಕಪ್ರಾಣಿಗೆ ಒಂದು ಗುಟುಕು ನೀರಿಲ್ಲ."

ಅವನ ಮುಖ ಕೆಂಪಗಾಯಿತು. ಡ್ರೈವರಿಗೆ ಬೇರೆ ಏನಾದರೂ ಅನ್ನಬಹುದು, ಗಾಡಿ ನೋಡಿಕೊಳ್ಳಲು ಬರುವುದಿಲ್ಲ ಎನ್ನುವ ಹಾಗಿಲ್ಲ. ಅಂದೇ ಒಪ್ಪಂದವಾಯಿತು. ದಾರಿಯಲ್ಲಿ ಸಿಗುವ ಪ್ರತಿ ಸೇತುವೆ, ಪ್ರತಿ ಕೊಳದ ಹತ್ತಿರ ಗಾಡಿ ನಿಲ್ಲಿಸಬೇಕು. ಕುದುರೆ ಹೊಟ್ಟೆ ತುಂಬ ನೀರು ಕುಡಿಯುವವರೆಗೆ ಮುನಿರಾಜು ಕೈಯೂರಿ ಮೈಯನ್ನು ಎತ್ತಿ ಹಿಡಿದಿರಬೇಕು. ಕತ್ತಲಾಗಿ ಗಾಡಿಯವನು ಛತ್ರದಲ್ಲಿ ಮಲಗಿದರೆ ಇವನೂ ಹಾಸಿಗೆಗೆ ಹೋಗಿ ಹೊಟ್ಟೆಯ ಮೇಲೆ ಮಲಗಬೇಕು. ಆಟದಲ್ಲಿ ದಿನಕ್ಕೆ ಎಷ್ಟೋ ಸಲ ಕತ್ತಲಾಗುತ್ತಿತ್ತು, ನನಗೆ ಅದೇ ಬೇಕಿತ್ತು.

ಏನು ಹೇಳಲಿ, ನನ್ನ ಬೈಗುಳದಿಂದ ಆಗದ್ದನ್ನು ಆ ಇಲ್ಲದ ಕುದುರೆ ಮಾಡಿಸಿತು. ಕೈಗಳು ಗಟ್ಟಿಯಾದವು. ಬಲಗಡೆಯ ಹುಣ್ಣು ಮುಚ್ಚಿತು. ನಾನು ಹೋದ ಕೂಡಲೇ "ಏನಪ್ಪಾ, ಎಲ್ಲಿಗೆ ಬಂತು ಗಾಡಿ?" ಎಂದು ಕೇಳುವುದು, ಅವನು ದಾರಿಯ ವರದಿ ಒಪ್ಪಿಸುವುದು ರೂಢಿಯಾಯಿತು. ಪುಟ್ಟಮ್ಮನಿಗೆ ಇವತ್ತು ಹಿಟ್ಟು ಸಿಕ್ಕಿದೆಯೋ ಇಲ್ಲವೋ ಎಂದು ನಾನೂ ವಿಚಾರಿಸತೊಡಗಿದ್ದೆ! ನನ್ನ ಗಂಡ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಒಂದು ದಿನ ಮುನಿರಾಜು ತಾನಾಗಿಯೇ ಕುರ್ಚಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದ. ಕೈಯಲ್ಲೇ ಬ್ರೇಕು, ಆಕ್ಸಿಲರೇಟರು ಇರುವ ಗೂಡ್ಸ್ ಆಟೊ ಮಾಡಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದ. "ಆಗುತ್ತೆ. ಎಡಗಡೆ ಹುಣ್ಣು ವಾಸಿಯಾಗ್ಲಿ ಮೊದಲು" ಎಂದೆ. ಅದು ಅವನು ಅಪಘಾತವಾದ ಮೇಲೆ ಮುಂದಿನದನ್ನು ಕುರಿತು ಆಡಿದ ಮೊದಲ ಮಾತು ಎಂದು ಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಎಡಗಡೆಯದು ಆಳವಿತ್ತು. ಅದಕ್ಕೆ ಆಪರೇಷನ್ನೇ ಆಗಬೇಕಿತ್ತು. ಪಕ್ಕದ ಆರೋಗ್ಯವಾದ ಚರ್ಮ ಮಾಂಸವನ್ನು ಸರಿಸಿ ತಂದು ಕುಳಿಯನ್ನು ಮುಚ್ಚುವುದಕ್ಕೆ ಫ್ಲಾಪ್ ಸರ್ಜರಿ ಎನ್ನುತ್ತಾರೆ. ಆಮೇಲೆ ವಾರಗಟ್ಟಲೆ ಬೋರಲು ಮಲಗಿರಬೇಕು. ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಹೋಗುವ ದಿನ ಅವನು ಗಾಡಿಯನ್ನು ಗುಡಿಸಲ ಮುಂದೆ ಬಿಟ್ಟು, ಕುದುರೆ ಕಟ್ಟಿ, ಆಟ ಅಲ್ಲಿಗೇ ಉಳಿಯುವಂತೆ ಸೇವ್ ಮಾಡಿ, ಟಿವಿ ಆರಿಸಿದ. "ವಾಪಸ್ ಬಂದ್ಮೇಲೆ ಹೊಸ ದಾರಿ ಹಿಡಿಯೋದಿದೆ ಮೇಡಂ, ಗುಡ್ಡದಾಚೆ ಒಂದು ಊರಿದೆ" ಎಂದ.

ಅವನ ತಮ್ಮ ಹರೀಶನ ವಿಷಯ ಇಲ್ಲಿ ಹೇಳಬೇಕು. ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಶಿಫ್ಟ್ ಕೆಲಸ. ಕುದುರೆಗೆ ನೀರು ಕುಡಿಸುವ ನಮ್ಮ ಒಪ್ಪಂದ ನಡೆಯುವ ಹೊತ್ತಿಗೆ ಅವನು ಕೆಲಸದಲ್ಲಿರುತ್ತಿದ್ದ, ಅದನ್ನು ಅವನಿಗೆ ಹೇಳಬೇಕೆಂದು ನಮಗೂ ತೋಚಿರಲಿಲ್ಲ. ಅಣ್ಣ ಎಂದರೆ ಜೀವ. ಅಣ್ಣನ ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಅವನೇ. ಒಂದು ದಿನವೂ ಅವನು ಮುಖ ಸಿಂಡರಿಸಿದ್ದನ್ನು ನಾನು ನೋಡಲಿಲ್ಲ. ಇಂಥ ಮನೆಗಳಲ್ಲಿ ಎಲ್ಲರಿಗೂ ಒಂದು ರೂಢಿ ಬಂದಿರುತ್ತದೆ. ಮಲಗಿದವನ ಕೈಲಿ ಏನಾದರೂ ಅರ್ಧಕ್ಕೆ ನಿಂತಿದ್ದರೆ, ಅದು ಅವನಿಂದ ಆಗುತ್ತಿಲ್ಲ ಎಂದುಕೊಂಡು ಮುಂದೆ ಬಿದ್ದು ಮಾಡಿಕೊಡುತ್ತಾರೆ. ಅಂಗಿಯ ಗುಂಡಿ ಹಾಕುತ್ತಾರೆ, ಅನ್ನ ಕಲೆಸಿಕೊಡುತ್ತಾರೆ, ಮಾತಿನ ಕೊನೆಯನ್ನೂ ತಾವೇ ಹೇಳಿ ಮುಗಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ.

ಮುನಿರಾಜು ಆಸ್ಪತ್ರೆಯಿಂದ ಬರುವ ದಿನ ಹಾಸಿಗೆ ಸರಿಯಾಗಿದೆಯೇ ನೋಡಲು ನಾನೂ ಹೋಗಿದ್ದೆ. ಅವನನ್ನು ಒಳಗೆ ತಂದು ಮಗ್ಗುಲಿಗೆ ಮಲಗಿಸಿದೆವು. ಗಾಯ ಚೆನ್ನಾಗಿ ಕೂಡಿತ್ತು. ಗೌರಮ್ಮ ದೃಷ್ಟಿ ತೆಗೆದರು. ಹರೀಶನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೈಸೂರ್‌ಪಾಕಿನ ಡಬ್ಬಿ ತೆಗೆದು ಅಣ್ಣನ ಬಾಯಿಗೊಂದು, ನನ್ನ ಕೈಗೊಂದು ಇಟ್ಟು, ಟಿವಿ ಹಾಕಿದ.

"ಅಣ್ಣ, ನೋಡಿಲ್ಲಿ. ನಿಂಗೆ ಕಷ್ಟ ಆಗ್ತಿತ್ತಲ್ಲ, ರಜಾ ಹಾಕಿ ಕೂತು ಪೂರ್ತಿ ಕ್ಲಿಯರ್ ಮಾಡ್ಬಿಟ್ಟೆ!"

ಟಿವಿಯಲ್ಲಿ ರಾಜಧಾನಿ. ಬಾವುಟಗಳು, ಕಹಳೆ. ಮುನಿರಾಜುವಿನ ಗಾಡಿಯವನು ಈಗ ಚಿನ್ನದ ಕವಚ ತೊಟ್ಟು ರಾಜನ ಪಕ್ಕದಲ್ಲಿ ನಿಂತಿದ್ದ. ಜನ ಜೈಕಾರ ಹಾಕುತ್ತಿದ್ದರು. ಗಾಡಿ ಇರಲಿಲ್ಲ. ಅದನ್ನೂ ಕುದುರೆಯನ್ನೂ ಮಾರಿ ಹರೀಶ ಯುದ್ಧದ ಕುದುರೆ ಕೊಂಡಿದ್ದ.

ಮುನಿರಾಜು ಟಿವಿಯ ಮೂಲೆಮೂಲೆಯಲ್ಲಿ ಕಣ್ಣಾಡಿಸಿದ. ಆಮೇಲೆ ಮೆಲ್ಲಗೆ, "ಊರು?" ಎಂದ.

"ಯಾವ್ದು, ಹೊಳೆದಂಡೆದಾ? ಅದು ಸುಡ್ಲೇಬೇಕಣ್ಣ, ಸ್ಟೋರಿನೇ ಹಂಗೆ. ಆ ಊರ್ನೋರೆಲ್ಲ ಸತ್ಮೇಲೇನೇ ರಾಜ ಸೈನ್ಯ ಕೊಡೋದು."

ನನ್ನ ಕೈಯಲ್ಲಿ ಮೈಸೂರ್‌ಪಾಕು ಹಾಗೇ ಉಳಿಯಿತು. ಮುನಿರಾಜು ತಮ್ಮನ ಮುಖವನ್ನು ನೋಡಿದ. ಆ ಹುಡುಗನ ಕಣ್ಣಲ್ಲಿ ಎಷ್ಟು ಸಂಭ್ರಮವಿತ್ತೆಂದರೆ, ಕಲ್ಲಿನಂಥವರೂ ಕರಗಬೇಕು.

"ಭೇಷ್ ಕಣೋ," ಎಂದ ಮುನಿರಾಜು. "ನನ್ ಕೈಲಿ ಆಗ್ತಿರ್ಲಿಲ್ಲ ಬಿಡು."

ಆ ಆಟದಲ್ಲಿ ಹೊಸದಾಗಿ ಸೇವ್ ಮಾಡಿದರೆ ಹಳೆಯದು ಅಳಿಸಿಹೋಗುತ್ತಿತ್ತು. ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಮುಂದಿನ ಸಲ ಹರೀಶ ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ ನಾನು ಮುನಿರಾಜುವಿಗೆ, ಮೊದಲಿನಿಂದ ಶುರುಮಾಡು, ಮತ್ತೆ ಗಾಡಿ ಕೊಳ್ಳು ಎಂದು ಹೇಳಿದೆ.

"ಮಾಡ್ದೆ ಮೇಡಂ. ಊರಬಾಗ್ಲಿಗೆ ಹೋದೆ. ರಂಗಪ್ಪ ಈಟಿ ಅಡ್ಡ ಹಿಡಿದು ಯಾರು ನೀನು ಅಂದ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದ. ಆ ಕಡೆ ಮುಖವಿಟ್ಟೇ, "ಹರೀಶಂಗೆ ಏನೂ ಹೇಳ್ಬೇಡಿ. ನನಗೋಸ್ಕರ ರಜಾ ಹಾಕಿ ಮಾಡವ್ನೆ. ನಿಮ್ ದಮ್ಮಯ್ಯ" ಎಂದ.

ಫ್ಲಾಪ್ ಆದ ಮೇಲೆ ಕೂರುವುದನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು, ನಡುನಡುವೆ ಮೈ ಎತ್ತುವುದನ್ನು ತಪ್ಪಿಸಲೇಬಾರದು. ಮುನಿರಾಜು ನನ್ನ ಮುಂದೆ ಎತ್ತುತ್ತಿದ್ದ. ನಾನು ಹೊರಟ ಮೇಲೆ ಬಿಡುತ್ತಿದ್ದ. ಹಾಸಿಗೆಯಲ್ಲಿ ಅಂಗಾತ ಬಿದ್ದು ಸೂರು ನೋಡುತ್ತಿರುತ್ತಾನೆ, ಮಗ್ಗುಲಾಗು ಅಂದರೆ ಆಗುವುದಿಲ್ಲ ಎಂದು ಗೌರಮ್ಮ ಹೇಳಿದರು. ನಾನು ಬೈದೆ, ಗೋಗರೆದೆ. ಬೇರೆ ಆಟ ತರಿಸಲೇ ಎಂದೆ, ಹಾಡು ಹಾಕಿಸಲೇ ಎಂದೆ. ಬೇರೊಬ್ಬ ಪ್ಯಾರಾಪ್ಲೀಜಿಯ ಹುಡುಗನಿಂದ ಫೋನ್ ಮಾಡಿಸಿದೆ. ಮಾನಸಿಕ ವೈದ್ಯರಿಗೆ ತೋರಿಸಿ ಮಾತ್ರೆ ಬರೆಸಿದೆ. ಅವನು ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದ. "ಗೂಡ್ಸ್ ಆಟೊ ವಿಚಾರಿಸಿದೀನಿ ಕಣಪ್ಪಾ" ಎಂದಾಗಲೂ ಹ್ಞೂಂ. ನನಗೆ ಒಳಗೊಳಗೇ ಭಯ ಹತ್ತಿತು.

ಹೊಲಿಗೆಯ ಅಂಚು ಬಿಟ್ಟಿತು. ಹುಣ್ಣು ಮತ್ತೆ ಬಾಯಿ ತೆರೆಯಿತು, ಮೂಳೆಗೆ ಇಳಿಯಿತು. ಒಂದು ಬೆಳಗ್ಗೆ ಚಳಿಜ್ವರ ಬಂದು ಮಾತು ತೊದಲತೊಡಗಿದಾಗ ನಮ್ಮ ವ್ಯಾನಿನಲ್ಲೇ ಆಸ್ಪತ್ರೆಗೆ ಸಾಗಿಸಿದೆವು. ಸೋಂಕು ರಕ್ತಕ್ಕೆ ಸೇರಿತ್ತು. ವೈದ್ಯರು ಮಾಡಬೇಕಾದ್ದೆಲ್ಲ ಮಾಡಿದರು. ಆ ವಾರ ದಾಟಲಿಲ್ಲ, ಮುನಿರಾಜು ತೀರಿಕೊಂಡ.

ಒಂದು ಆಟ ಕೆಟ್ಟಿದ್ದರಿಂದ ಮನುಷ್ಯ ಸತ್ತ ಎಂದು ನಾನು ಹೇಳುತ್ತಿಲ್ಲ. ವೃತ್ತಿಯಲ್ಲಿ ಇಷ್ಟು ವರ್ಷ ಕಳೆದವಳು ಹಾಗೆ ಹೇಳಬಾರದು. ಫ್ಲಾಪ್ ಬಿಟ್ಟುಕೊಳ್ಳುವುದಕ್ಕೆ ಹತ್ತು ಕಾರಣ ಇರುತ್ತವೆ. ಎಲ್ಲ ಸರಿಯಾಗಿ ಮಾಡಿದವರದೂ ಬಿಟ್ಟುಕೊಳ್ಳುತ್ತದೆ. ಆದರೆ ಮೈ ಎತ್ತಿ ಹಿಡಿಯುತ್ತಿದ್ದ ಮುನಿರಾಜುವನ್ನೂ ಎತ್ತದೆ ಬಿಟ್ಟ ಮುನಿರಾಜುವನ್ನೂ ನೋಡಿದವಳು ನಾನು. ಅವರಿಬ್ಬರ ನಡುವೆ ಏನಾಯಿತೆಂದು ಗೊತ್ತಿದ್ದೂ ಬಾಯಿ ಕಟ್ಟಿಕೊಂಡು ಇರುವುದು ನನ್ನ ಸ್ವಭಾವದವಳಿಗೆ ಎಂಥ ಶಿಕ್ಷೆ ಎಂದು ಹೇಳಲಾರೆ. ತಿಥಿಯ ದಿನ ಹರೀಶ ನನಗೆ ಬಡಿಸಲು ಬಂದಾಗ ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಹರೀಶ ನಮ್ಮ ಸೆಂಟರಿಗೆ ಬಂದ. ಅಣ್ಣನ ಗಾಲಿಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡಿ ಎಂದು ಒರೆಸಿ ಸ್ವಚ್ಛಮಾಡಿ ತಂದಿದ್ದ. ಕೊಟ್ಟ ಮೇಲೂ ಹೊರಡಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತ.

"ಅಣ್ಣನ್ ನೆನಪಾಗಿ ಆ ಗೇಮ್ ಹಾಕ್ದೆ ಮೇಡಂ. ಮೊದಲ್ನಿಂದ. ಏನೂ ಕ್ಲಿಯರ್ ಮಾಡೋದ್ ಬೇಡ, ಅವ್ನು ಹೆಂಗ್ ಆಡ್ತಿದ್ದ ಹಂಗೇ ಸುಮ್ನೆ ಓಡಾಡಣ ಅಂತ. ಆ ಊರಾಗೇ ಇದ್ದೆ ಒಂದ್ ತಿಂಗ್ಳು. ಒಂದಿನ ಮಳೆ ಬಂತು, ಉಪ್ಪು ನೆನೀತದೆ ಅಂತ ನಾನೇ ಗಾಡಿ ಮಂಟಪದೊಳಕ್ಕೆ ನಿಲ್ಸಿದೀನಿ. ಆಗ ಗೊತ್ತಾಯ್ತು." ಅವನು ಗಾಲಿಕುರ್ಚಿಯ ಕಡೆ ನೋಡಿದ. "ಅವ್ನಿಗೆ ಕಷ್ಟ ಆಗ್ತಿರ್ಲಿಲ್ಲ ಅಲ್ವಾ ಮೇಡಂ? ಅವ್ನಿಗೆ ಮುಗಿಸ್ಬೇಕು ಅಂತಾನೇ ಇರ್ಲಿಲ್ಲ."

ಮುನಿರಾಜುವಿಗೆ ಕೊಟ್ಟ ಮಾತು ಇನ್ನು ಯಾರನ್ನೂ ಕಾಪಾಡುವಂತಿರಲಿಲ್ಲ. "ಇರ್ಲಿಲ್ಲಪ್ಪಾ" ಎಂದೆ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನಗೆ ಹೇಳ್ಬೇಡಿ ಅಂದಿದ್ದ."

"ನನ್ ಮೇಲೆ ಕೋಪ ಮಾಡ್ಕೊಂಡಿದ್ನಾ?"

"ಇಲ್ಲ ಕಣಪ್ಪಾ. ಸಂಕಟ ಪಟ್ಟ. ಕೋಪ ಅವನಿಗೆ ಬರ್ಲೇ ಇಲ್ಲ."

ಹರೀಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆಳೆದ ಗಂಡಸೊಬ್ಬ ಹಾಗೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಬೆನ್ನು ಸವರಿದೆ. ನನಗೂ ಅಳು ಬಂತು, ಅತ್ತೆ.

ಆಮೇಲೆ ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದ ಹುಡುಗಿಯರಿಗೆಲ್ಲ ನಾನು ಮೊದಲು ಹೇಳುತ್ತಿದ್ದುದು ಒಂದೇ: ರೋಗಿಗೆ ಏನು ಮಾಡಲು ಆಗುವುದಿಲ್ಲ ಎಂದು ಕೇಳುವ ಮೊದಲು, ಅವನು ಈಗ ಏನು ಮಾಡುತ್ತಿದ್ದಾನೆ, ಯಾಕೆ ಮಾಡುತ್ತಿದ್ದಾನೆ ಎಂದು ಕೂತು ನೋಡಿ. ಅದನ್ನು ಮನೆಯವರಿಗೆಲ್ಲ ತಿಳಿಯುವಂತೆ ಹೇಳಿ. ಅವನು ಬಿಟ್ಟಿರುವುದೆಲ್ಲ ಆಗದೆ ಬಿಟ್ಟದ್ದಲ್ಲ, ಬೇಡವೆಂದು ಬಿಟ್ಟಿರಬಹುದು. ಅದನ್ನು ನಾವು ಪ್ರೀತಿಯಿಂದ ಮುಗಿಸಿಕೊಟ್ಟರೂ ಅವನಿಂದ ಕಿತ್ತುಕೊಂಡಂತೆಯೇ. ಇದನ್ನು ಹೇಳುವಾಗಲೆಲ್ಲ ಹರೀಶ ಅಂದು ಕಣ್ಣೊರೆಸಿಕೊಂಡು ಎದ್ದು, ಬಾಗಿಲ ಹತ್ತಿರ ನಿಂತು ಹೇಳಿದ ಮಾತೇ ನನ್ನ ಕಿವಿಯಲ್ಲಿರುತ್ತದೆ.

"ಕೋಪ ಮಾಡ್ಕೊಂಡಿದ್ರೆ ಚೆನ್ನಾಗಿತ್ತು ಮೇಡಂ. ಕಾಲು ಹಿಡ್ಕೊಂಡು ತಪ್ಪಾಯ್ತು ಅಂದಿರ್ತಿದ್ದೆ."